ಸಿರಿ ಸ್ವಲ್ಪ ಕಾಯಲಿ

ಪಶ್ಚಿಮ ಮಾಂಬಲಂನ ನಮ್ಮ ಮನೆಯ ಟಿವಿಯೊಳಗೆ ಸಿರಿ ಎಂಬ ಹುಡುಗಿ ವರ್ಷಗಳಿಂದ ಕಾಯುತ್ತಿದ್ದಾಳೆ. ಅವಳ ಬೆನ್ನು ಹತ್ತಿರುವುದು ಕುದುರೆ ಏರಿದ ಒಂದು ಪ್ರೇತಸೈನ್ಯ. ಅವಳು ಸಿಕ್ಕಿಬಿದ್ದರೆ ಲೋಕಕ್ಕೇ ಕೇಡು. ಅವಳನ್ನು ಹುಡುಕಿ ಕಾಪಾಡಬೇಕಾದವನು ಸಾಕುತಂದೆ ಗೆರಾಲ್ಟ್, ಬಿಳಿಗೂದಲಿನ, ಬೆನ್ನಿಗೆ ಎರಡು ಕತ್ತಿ ಕಟ್ಟಿಕೊಂಡ ರಾಕ್ಷಸಬೇಟೆಗಾರ. ಈ ಮಹಾಶಯ ಸದ್ಯ ಯಾವುದೋ ಹಳ್ಳಿಯ ಹೆಂಡದಂಗಡಿಯಲ್ಲಿ ಕೂತು ಅಂಗಡಿಯವನ ಜೊತೆ ಕಾರ್ಡ್ಸ್ ಆಡುತ್ತಿದ್ದಾನೆ. ಆಡಿಸುತ್ತಿರುವವನು ನಾನು.

ಆಟದ ಹೆಸರು ‘ದಿ ವಿಚರ್ 3’. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯವರು 2015ರಲ್ಲಿ ಬಿಟ್ಟದ್ದು. ಸಿರಿಯ ಕಥೆಯೊಂದನ್ನೇ ಹಿಡಿದು ಹೋದರೆ ಸುಮಾರು 50 ಗಂಟೆಯಲ್ಲಿ ಮುಗಿಯುತ್ತದೆ. ಅಕ್ಕಪಕ್ಕದ್ದನ್ನೆಲ್ಲ ಮುಗಿಸಿಯೇ ಏಳುತ್ತೇನೆ ಎಂದರೆ 150 ದಾಟುತ್ತದೆ. ನಡುವಿನ ಈ ನೂರು ಗಂಟೆಗೆ ನನ್ನ ಮಗ ಸೈಡ್ ಕ್ವೆಸ್ಟ್ ಎನ್ನುತ್ತಾನೆ. ನಮ್ಮ ಕಾಲದವರು ಸೈಡ್ ಮಿಷನ್ ಎನ್ನುತ್ತಿದ್ದೆವು. ನನ್ನ ಹೆಂಡತಿ ಇನ್ನೊಂದು ಮಾತು ಹೇಳುತ್ತಾಳೆ, ಅದು ಅಚ್ಚಿಗೆ ಯೋಗ್ಯವಲ್ಲ. ಮಾಡದಿದ್ದರೂ ನಡೆಯುವ ಕೆಲಸಗಳು ಇವು, ಯಾಕೆ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಆದರೂ ಇಷ್ಟು ವರ್ಷ ಆಡಿದ್ದರಲ್ಲಿ ನನಗೆ ನೆನಪಿರುವುದು ಇವಷ್ಟೇ. ಮುಖ್ಯ ಕಥೆಗಳಲ್ಲಿ ಯಾರು ಯಾರನ್ನು ಯಾಕೆ ಕೊಂದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು.

ನಾನು ಮೈಸೂರು ಬಿಟ್ಟು ಈ ಊರಿಗೆ ಬಂದಾಗ ತರಮಣಿಯ ಟೈಡಲ್ ಪಾರ್ಕಿನ ಗಾಜು ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಬ್ಯಾಚುಲರ್ ರೂಮು, ಮೆಸ್ಸಿನ ಊಟ, ಸಂಜೆಯಾದರೆ ಬೀದಿ ಕೊನೆಯ ಬ್ರೌಸಿಂಗ್ ಸೆಂಟರ್. ಪ್ಲೈವುಡ್ಡಿನ ಗೂಡುಗಳಲ್ಲಿ ಒಂದಷ್ಟು ಹುಡುಗರು ಅಮೆರಿಕದ ವೀಸಾ ಫಾರಂ ತುಂಬುತ್ತಿದ್ದರೆ ಉಳಿದವರು ‘ಜಿಟಿಎ ವೈಸ್ ಸಿಟಿ’ ಆಡುತ್ತಿದ್ದರು. 2002ರ ಆಟ ಅದು. ನಾಯಕ ಟಾಮಿ ವರ್ಸೆಟ್ಟಿ ಹದಿನೈದು ವರ್ಷ ಜೈಲಿನಲ್ಲಿದ್ದು ಬಂದವನು. ಬಂದ ದಿನವೇ ಯಜಮಾನನ ಹಣ ಲೂಟಿಯಾಗಿದೆ, ಅದನ್ನು ವಾಪಸು ತರದಿದ್ದರೆ ತಲೆ ಹೋಗುತ್ತದೆ. ನಾನು ಟಾಮಿಯನ್ನು ಒಂದು ಹಳದಿ ಟ್ಯಾಕ್ಸಿಯಲ್ಲಿ ಕೂರಿಸಿ ಬಾಡಿಗೆ ಹೊಡೆಸುತ್ತಿದ್ದೆ. ಆಸ್ಪತ್ರೆಗೆ ಒಬ್ಬರು, ಬೀಚಿಗೆ ಒಬ್ಬರು, ಏರ್‌ಪೋರ್ಟಿಗೆ ಒಬ್ಬರು. ಆ ದಿನಗಳಲ್ಲಿ ಇಡೀ ಚೆನ್ನೈನಲ್ಲಿ ಮೀಟರಿನ ಪ್ರಕಾರ ದುಡ್ಡು ತೆಗೆದುಕೊಂಡು, ಕರೆದಲ್ಲಿಗೆ ತಕರಾರಿಲ್ಲದೆ ಹೋಗುತ್ತಿದ್ದ ಡ್ರೈವರು ನಾನೊಬ್ಬನೇ ಇದ್ದಿರಬೇಕು. ನೂರು ಬಾಡಿಗೆ ಮುಗಿಸಿದರೆ ಟ್ಯಾಕ್ಸಿಗೆ ನೆಗೆಯುವ ಶಕ್ತಿ ಬರುತ್ತದೆ ಎಂದು ಪಕ್ಕದ ಗೂಡಿನ ಹುಡುಗ ಹೇಳಿದ್ದ. ಅಷ್ಟರೊಳಗೆ ಮಾಲೀಕರು ಬಂದು, “ಸಾರ್, ಟೈಮ್ ಮುಡಿಞ್ಚಿಡುಚ್ಚು” ಎನ್ನುತ್ತಿದ್ದರು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಆ ಗಂಟೆಯನ್ನು ಕಾಲ್ಪನಿಕ ಪ್ರಯಾಣಿಕರ ಸೇವೆಗೆ ಸವೆಸುತ್ತಿದ್ದೆ. ಅಷ್ಟು ನೆಮ್ಮದಿಯ ನೌಕರಿ ನನಗೆ ಹಗಲಿನಲ್ಲಿ ಯಾವತ್ತೂ ಸಿಗಲಿಲ್ಲ.

ಮದುವೆಯಾಯಿತು, ಮಗ ಹುಟ್ಟಿದ, ಅಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದಳು. ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿನಿಂದ ಒಂದು ಪ್ಲೇಸ್ಟೇಷನ್ 2 ಕೂಡ ಬಂತು. ಅದರ ಜೊತೆ ಬಂದ ಡಿಸ್ಕುಗಳು ಅಸಲಿಯೋ ನಕಲಿಯೋ ಎಂದು ಕೇಳಬೇಡಿ, ಆ ಬೀದಿಯಲ್ಲಿ ಅದನ್ನು ಕೇಳುವುದು ಒರಟುತನ. ಅವುಗಳಲ್ಲಿ ‘ಸ್ಯಾನ್ ಆಂಡ್ರಿಯಾಸ್’ ಇತ್ತು. ತಾಯಿ ಕೊಲೆಯಾದ ಸುದ್ದಿ ಕೇಳಿ ಸಿಜೆ ಎಂಬ ಹುಡುಗ ಊರಿಗೆ ಮರಳುವುದರಿಂದ ಕಥೆ ಶುರು. ಶುರುವಿನಲ್ಲೇ ಗೆಳೆಯನ ಜೊತೆ ಹೋಗಿ ಕ್ಷೌರ ಮಾಡಿಸಿಕೊಳ್ಳುತ್ತಾನೆ, ಆಮೇಲೆ ಪಿಜ್ಜಾ ತಿನ್ನುತ್ತಾನೆ. ಹಿಂದಿನ ಕುರ್ಚಿಯಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ಕೈ ನಿಲ್ಲಿಸಿ ನೋಡಿದಳು.

“ಅವರಮ್ಮ ಹೋಗಿದ್ದಾಳೆ ಅಂದ್ಯಲ್ಲೋ?”

“ಹೂಂ ಅಮ್ಮ.”

“ಕ್ಷೌರ ಮಾಡಿಸಿಕೊಂಡ, ಅದು ಸರಿ. ಸೂತಕ ಕಳೆಯೋ ಮುಂಚೆ ಹೋಟೆಲ್ ತಿಂಡಿ ಏನೋ ಇವನಿಗೆ?”

ಅವತ್ತಿನಿಂದ ಅಮ್ಮನಿಗೆ ಸಿಜೆಯ ಯೋಗಕ್ಷೇಮದ ಹೊಣೆ ಬಂತು. ತಾಯಿಯನ್ನು ಕೊಂದವರು ಯಾರು ಎಂಬುದನ್ನು ಅವಳು ಒಂದು ಸಲವೂ ವಿಚಾರಿಸಲಿಲ್ಲ. ಜಿಮ್ಮಿಗೆ ಹೋದನೇ, ಬರೀ ಬರ್ಗರ್ ತಿಂದು ಊದಿಕೊಂಡನಲ್ಲ, ಆ ಹುಡುಗಿಯನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನಲ್ಲ ಮದುವೆಯಾಗುತ್ತಾನೋ ಇಲ್ಲವೋ, ಇವೇ ಅವಳ ಪ್ರಶ್ನೆಗಳು. 2012ರಲ್ಲಿ ಚೆನ್ನೈಗೆ ದಿನಕ್ಕೆ ಎರಡು ಗಂಟೆ ಪವರ್ ಕಟ್. ತಮಿಳುನಾಡಿನ ಬೇರೆ ಊರುಗಳ ಪಾಡಿಗೆ ಹೋಲಿಸಿದರೆ ನಾವು ಪುಣ್ಯವಂತರು. ಆ ಆಟದಲ್ಲಿ ಎಲ್ಲೆಂದರಲ್ಲಿ ಸೇವ್ ಮಾಡುವಂತಿಲ್ಲ, ಸಿಜೆ ತನ್ನ ಮನೆಗೇ ಹೋಗಬೇಕು. ಕರೆಂಟ್ ಹೋಗುವ ಹೊತ್ತು ಹತ್ತಿರವಾದರೆ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು, “ಅವನನ್ನ ಮನೆ ಸೇರಿಸೋ, ನೀನೂ ಊಟಕ್ಕೆ ಬಾ.” ಇಬ್ಬರು ಹುಡುಗರನ್ನೂ ಒಂದೇ ದನಿಯಲ್ಲಿ ಗದರಿಸುತ್ತಿದ್ದಳು.

ವಿಚರ್ ಬರುವ ಹೊತ್ತಿಗೆ ಅಮ್ಮ ಪಳಗಿದ ಪ್ರೇಕ್ಷಕಿ. ಕೆಲವು ದೃಶ್ಯಗಳಲ್ಲಿ ಮಾತ್ರ ಅವಳನ್ನು ಕಾಫಿ ನೆಪದಲ್ಲಿ ಒಳಗೆ ಕಳಿಸಬೇಕಾಗುತ್ತಿತ್ತು. ಆಟದ ಶುರುವಿನ ಹಳ್ಳಿಯಲ್ಲಿ ಒಬ್ಬ ಮುದುಕಿ ಸಿಗುತ್ತಾಳೆ. ತನ್ನ ಬಾಣಲೆಯನ್ನು ಯಾರೋ ಅಪರಿಚಿತ ಎರವಲು ಒಯ್ದವನು ವಾಪಸು ಕೊಟ್ಟಿಲ್ಲ, ತಂದುಕೊಡು ಎಂದು ಗೆರಾಲ್ಟನನ್ನು ಕೇಳುತ್ತಾಳೆ. ರಾಕ್ಷಸರನ್ನು ಸೀಳುವವನಿಗೆ ಬಾಣಲೆ ಹುಡುಕುವ ಕೆಲಸ. ನಾನು ಕುದುರೆ ತಿರುಗಿಸಿದ್ದೆ. ಅಮ್ಮ ಬಿಡಲಿಲ್ಲ. ದೀಪಾವಳಿಯ ಮುರುಕ್ಕಿಗೆಂದು ಕೆಳಗಿನ ಮನೆಯ ಮಾಮಿ ನಮ್ಮ ಕಬ್ಬಿಣದ ಬಾಣಲೆ ಒಯ್ದು ಸಂಕ್ರಾಂತಿ ಕಳೆದಿತ್ತು. “ಮೊದಲು ಅದನ್ನ ತಂದುಕೊಡೋ ಪಾಪಿ, ಆ ಹುಡುಗಿ ಎಲ್ಲೂ ಓಡಿಹೋಗಲ್ಲ” ಎಂದಳು. ಓಡಿಹೋಗುತ್ತಿರುವುದೇ ಆ ಹುಡುಗಿಯ ಕಥೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಗೆರಾಲ್ಟ್ ಬಾಗಿಲು ಒಡೆದು ಒಳನುಗ್ಗಿ ಬಾಣಲೆ ಹುಡುಕಿದ. ಅಮ್ಮ ಅವತ್ತೇ ಸಂಜೆ ಮೆಟ್ಟಿಲಿಳಿದು ಹೋಗಿ ತನ್ನ ಬಾಣಲೆಯನ್ನೂ ತಂದಳು. ವಿಡಿಯೋ ಗೇಮಿನಿಂದ ಹಿಂಸೆ ಹೆಚ್ಚುತ್ತದೆಯೇ ಎಂದು ಚರ್ಚಿಸುವವರು ಇಂಥ ಪರಿಣಾಮಗಳನ್ನೂ ಗಮನಿಸಬೇಕು.

ಈ ಅಡ್ಡದಾರಿಗಳು ಆಟದೊಳಗೆ ಬಂದ ಬಗೆಯೂ ಸ್ವಾರಸ್ಯದ್ದು. 1980ರ ಸುಮಾರಿಗೆ ಬಂದ ಅಟಾರಿಯ ‘ಅಡ್ವೆಂಚರ್’ ಆಟದಲ್ಲಿ ವಾರೆನ್ ರಾಬಿನೆಟ್ ಎಂಬಾತ ಒಂದು ಗುಪ್ತ ಕೋಣೆ ಮಾಡಿ ಅಲ್ಲಿ ತನ್ನ ಹೆಸರು ಬರೆದಿಟ್ಟ. ಆಟ ಮಾಡಿದವರ ಹೆಸರನ್ನು ಕಂಪನಿ ಎಲ್ಲೂ ಹಾಕುತ್ತಿರಲಿಲ್ಲ. ಕಾಣುವುದೇ ಕಷ್ಟವಾದ ಬೂದುಬಣ್ಣದ ಒಂದು ಚುಕ್ಕೆಯನ್ನು ಹುಡುಕಿ ಹೊತ್ತು ತಂದವನಿಗೆ ಮಾತ್ರ ಆ ಕೋಣೆಗೆ ಪ್ರವೇಶ. ಗೆಲುವಿಗೆ ಅದರಿಂದ ಏನೂ ಉಪಯೋಗವಿಲ್ಲ. ಅಲ್ಲಿಂದ 2007ಕ್ಕೆ ಬನ್ನಿ. ‘ಅಸ್ಯಾಸಿನ್ಸ್ ಕ್ರೀಡ್’ ಆಟ ಸಿದ್ಧವಾಗಿತ್ತು. ಆಗ ಕಂಪನಿಯ ಮುಖ್ಯಸ್ಥರ ಮನೆಯ ಮಗು ಆಡಿ ನೋಡಿ ಬೇಜಾರಾಯಿತು, ಮಾಡಲು ಏನೂ ಇಲ್ಲ ಎಂದಿತಂತೆ. ತಂಡಕ್ಕೆ ಐದು ದಿನ ಕೊಟ್ಟು, ಏನಾದರೂ ತುಂಬಿ ಎಂದರು. ಆ ಆಟದಲ್ಲಿ ಕೆಲಸ ಮಾಡಿದ ಪ್ರೋಗ್ರಾಮರ್ ಚಾರ್ಲ್ಸ್ ರ‍್ಯಾಂಡಲ್ 2020ರಲ್ಲಿ ಹೇಳಿಕೊಂಡ ಕಥೆ ಇದು. ಅದೇ ಆಟದಲ್ಲಿ ಡಮಾಸ್ಕಸ್, ಜೆರುಸಲೇಂ ಮೊದಲಾದ ಕಡೆ ಚದುರಿದ 420 ಬಾವುಟಗಳಿವೆ. ಎಲ್ಲವನ್ನೂ ಆರಿಸಿ ತಂದವನಿಗೆ ಸಿಗುವ ಬಹುಮಾನ ಏನೂ ಇಲ್ಲ. ನಾನು ಒಂದಷ್ಟು ಆರಿಸಿದೆ. ಅದರಲ್ಲಿ ರಾಬಿನೆಟ್ಟನ ಕೋಣೆಯ ಪುಳಕವಿರಲಿಲ್ಲ, ಕಚೇರಿಯ ಸ್ಟಾಕ್ ಚೆಕಿಂಗಿನ ವಾಸನೆ ಇತ್ತು.

ಆಮೇಲಿನ ಆಟಗಳು ಇನ್ನೂ ಮುಂದೆ ಹೋದವು. ಗೋಪುರ ಹತ್ತಿದೊಡನೆ ನಕ್ಷೆಯ ತುಂಬ ಚುಕ್ಕೆಗಳು, ಪ್ರತಿ ಚುಕ್ಕೆಗೂ ಒಂದು ಕೆಲಸ, ಮೂಲೆಯಲ್ಲಿ ಶೇಕಡಾ ಲೆಕ್ಕ. ಮಗ ಆ ಲೆಕ್ಕದ ಭಕ್ತ. 97 ಆದ ರಾತ್ರಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಗಣಿತದ ಪರೀಕ್ಷೆಯಲ್ಲಿ 79 ಬಂದರೆ ಚೆನ್ನಾಗಿಯೇ ಬರುತ್ತಿತ್ತು. ನನ್ನ ಮಟ್ಟಿಗೆ, ಮಾಡದಿದ್ದರೂ ನಡೆಯುತ್ತದೆ ಎಂದು ಹೇಳಿ ಪಕ್ಕದಲ್ಲೇ ಎಷ್ಟು ಬಾಕಿ ಎಂದು ಬರೆದಿಡುವುದು ದ್ರೋಹ. ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಮಾಡಿದ ನಿಂಟೆಂಡೊದವರಿಗೆ ಇದು ತಿಳಿದಿತ್ತು. 2017ರ ಆ ಆಟದಲ್ಲಿ 900 ಬೀಜಗಳನ್ನು ಬಚ್ಚಿಟ್ಟಿದ್ದಾರೆ. ಯಾವ ದಾರಿ ಹಿಡಿದವನಿಗೂ ಒಂದಷ್ಟು ಸಿಗಲಿ ಎಂದು ಅಷ್ಟು, ಎಲ್ಲವನ್ನೂ ಹುಡುಕಲಿ ಎಂದಲ್ಲ. ಮಾತು ಕೇಳದೆ 900ನ್ನೂ ಹುಡುಕಿದವನಿಗೆ ಕೊಡುವ ಉಡುಗೊರೆ ಚಿನ್ನದ ಬಣ್ಣದ್ದು, ಸುರುಳಿ ಸುತ್ತಿದ್ದು, ಆಕಾರದಲ್ಲಿ ಬೆಳಗಿನ ಶೌಚದ ಫಲವನ್ನೇ ಹೋಲುವಂಥದ್ದು. ಮಗ ಅದನ್ನು ಪಡೆದ ದಿನ ಮನೆಯಲ್ಲಿ ಮೌನ. ಪಕ್ಕದ ಫ್ಲ್ಯಾಟಿನ ಮಾಮನವರು ಇದನ್ನೆಲ್ಲ ನೋಡಿ, ಇಷ್ಟು ಹೊತ್ತು ಚೆಸ್ ಕಲಿತಿದ್ದರೆ ಹುಡುಗ ಎಲ್ಲಿಗೋ ಹೋಗುತ್ತಿದ್ದ ಎಂದರು. ಆನಂದ್ ಹುಟ್ಟಿಸಿದ ಹುಚ್ಚಿನ ಊರು, 2022ರ ಒಲಿಂಪಿಯಾಡಿಗೆ ನೇಪಿಯರ್ ಸೇತುವೆಗೇ ಕಪ್ಪುಬಿಳಿ ಮನೆಗಳ ಬಣ್ಣ ಬಳಿದ ಊರು, ಇಲ್ಲಿ ಇಂಥ ಮಾತು ಕೇಳುವುದೇ. ಆದರೆ ಚೆಸ್ಸಿನಲ್ಲಿ ಕುದುರೆ ಒಂದು ಕ್ಷಣ ಪಕ್ಕಕ್ಕೆ ಹೋಗಿ ಹುಲ್ಲು ಮೇಯಲು ಜಾಗವೆಲ್ಲಿದೆ?

ಅಡ್ಡದಾರಿಯ ರುಚಿಯ ಮೂಲ ನನಗೆ ಹೊಳೆದದ್ದು 2019ರ ಬೇಸಿಗೆಯಲ್ಲಿ. ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ಊರಿಗೆ ನೀರುಣಿಸುವ ನಾಲ್ಕೂ ಕೆರೆ ಬತ್ತಿದ್ದವು. ಓಎಂಆರ್‌ನ ಕೆಲವು ಕಂಪನಿಗಳು ಶೌಚಾಲಯಕ್ಕೆ ನೀರಿಲ್ಲದೆ ಉದ್ಯೋಗಿಗಳಿಗೆ ಮನೆಯಲ್ಲೇ ಕೂತು ಕೆಲಸ ಮಾಡಿ ಎಂದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಬಿಲ್ಡಿಂಗಿನವರು ಕಾವೇರಿಯ ನಲ್ಲಿ ನನ್ನ ಜೇಬಿನಲ್ಲಿದೆ ಎಂಬಂತೆ ನನ್ನನ್ನೊಮ್ಮೆ ನೋಡಿ ಸುಮ್ಮನಾದರು. ಟ್ಯಾಂಕರ್ ಲಾರಿಗೆ ದುಡ್ಡು ಕಟ್ಟಿದ್ದೆವು. ಅದು ಬೆಳಗಿನ ನಾಲ್ಕಕ್ಕೂ ಬರಬಹುದು, ಮಧ್ಯರಾತ್ರಿಗೂ ಬರಬಹುದು. ಬಂದಾಗ ಸಂಪಿನ ಮುಚ್ಚಳ ತೆಗೆದು ಪೈಪು ಹಿಡಿಯಲು ಒಬ್ಬರು ತಯಾರಿರಬೇಕು, ಇಲ್ಲದಿದ್ದರೆ ಲಾರಿ ಮುಂದಿನ ಬೀದಿಗೆ ಹೋಗುತ್ತದೆ. ಬಿಲ್ಡಿಂಗಿನ ಸಭೆ ಆ ಒಬ್ಬನನ್ನಾಗಿ ನನ್ನನ್ನು ಆರಿಸಿತು. ಕಾಯುತ್ತ ಕೂತವನು ಏನು ಮಾಡಲಿ? ಗೆರಾಲ್ಟನನ್ನು ಹೆಂಡದಂಗಡಿಗೆ ಕರೆದುಕೊಂಡು ಹೋದೆ. ಒಂದು ಕಿವಿ ಬೀದಿಯ ಕಡೆ, ಒಂದು ಕಣ್ಣು ಕಾರ್ಡಿನ ಕಡೆ. ದೂರದಲ್ಲಿ ಹಾರನ್ ಕೇಳಿದರೆ ಎದೆ ಡವಗುಟ್ಟುತ್ತಿತ್ತು, ಲಾರಿಯಲ್ಲ ಬಸ್ಸು ಎಂದು ತಿಳಿದರೆ ಇನ್ನೊಂದು ಆಟ ಸಿಕ್ಕಿತೆಂಬ ಖುಷಿ. ಇಡೀ ಬಿಲ್ಡಿಂಗು ನೀರಿಗಾಗಿ ಬಾಯಿ ಬಿಡುತ್ತಿದ್ದಾಗ ನಾನು ಲಾರಿ ಇನ್ನೂ ಹತ್ತು ನಿಮಿಷ ತಡವಾಗಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಅಷ್ಟು ಸೊಗಸಾಗಿ ನಾನು ಮತ್ತೆಂದೂ ಆಡಿಲ್ಲ.

ಆ ಕಾರ್ಡಿನಾಟಕ್ಕೆ ಗ್ವೆಂಟ್ ಎಂದು ಹೆಸರು. ಅದು ಎಷ್ಟು ಜನಪ್ರಿಯವಾಯಿತೆಂದರೆ ಕಂಪನಿ 2018ರಲ್ಲಿ ಅದನ್ನೇ ಬೇರೆ ಆಟವಾಗಿ ಹೊರತಂದಿತು. ನಾನು ಆಸೆಯಿಂದ ಇಳಿಸಿಕೊಂಡೆ. ಹೆಚ್ಚುಕಡಿಮೆ ಅವೇ ಕಾರ್ಡುಗಳು, ಇನ್ನೂ ಚಂದದ ಚಿತ್ರಗಳು, ಎದುರಿಗೆ ನಿಜವಾದ ಮನುಷ್ಯರು. ಆಕಳಿಕೆ ಬಂತು. ಯಾರ ಪ್ರಾಣವೂ ಅಪಾಯದಲ್ಲಿರಲಿಲ್ಲ, ಯಾವ ಹುಡುಗಿಯೂ ನನ್ನ ದಾರಿ ನೋಡುತ್ತಿರಲಿಲ್ಲ. ತಪ್ಪಿಸಿಕೊಂಡು ಬರಲು ಒಂದು ದೊಡ್ಡ ಕೆಲಸವೇ ಇಲ್ಲದ ಮೇಲೆ ಗ್ವೆಂಟ್ ಬರೀ ಕಾರ್ಡು.

ಇದನ್ನು ಮಾರ್ಗಳಿಯ ಸಭಾಗಳಿಗೆ ಹೋಗುವವರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನಲ್ಲಿ ಈ ಊರಿನ ಅರ್ಧ ಜನ ಸಂಗೀತಕ್ಕೂ ಇನ್ನರ್ಧ ಜನ ಸಭಾ ಕ್ಯಾಂಟೀನಿಗೂ ಬರುತ್ತಾರೆ, ಎರಡೂ ಅರ್ಧದವರು ಒಂದೇ ರೇಷ್ಮೆ ಉಟ್ಟಿರುತ್ತಾರೆ. ಒಳಗೆ ವಿದ್ವಾಂಸರು ರಾಗಂ ತಾನಂ ಪಲ್ಲವಿ ಹಾಡಿ ಮೃದಂಗದವರಿಗೆ ಸನ್ನೆ ಮಾಡಿದ ಕೂಡಲೇ ಸಾಲುಸಾಲಾಗಿ ಜನ ಎದ್ದು ಹೊರಡುತ್ತಾರೆ. ತನಿ ಆವರ್ತನದ ಕೋರ್ವೆ ಗೋಡೆಯಾಚೆ ಗುಡುಗುತ್ತಿರುವಾಗ ಇಲ್ಲಿ ಬಾಳೆಲೆಯ ಮೇಲೆ ಕೀರೆ ವಡೆ, ತುಪ್ಪ ಸೋರುವ ಅಶೋಕಾ ಹಲ್ವ. ಲಯವಾದ್ಯದ ಕಲಾವಿದರಿಗೆ ಇದು ಅವಮಾನ, ನಿಜ. ಆದರೆ ಅದೇ ಅಡುಗೆಯವರು ಜೂನಿನಲ್ಲಿ ಯಾರದೋ ಮದುವೆಗೆ ಮಾಡಿದ ಅದೇ ಹಲ್ವ ತಿಂದು ನೋಡಿದ್ದೇನೆ. ಸಕ್ಕರೆ ತುಪ್ಪ ಎಲ್ಲ ಸರಿಯಾಗಿಯೇ ಇತ್ತು. ಒಳಗೆ ಕಚೇರಿ ನಡೆಯುತ್ತಿರಲಿಲ್ಲ.

ನಮ್ಮ ಕವಿಗಳೂ ಈ ವಿಷಯದಲ್ಲಿ ಹುಷಾರಿನವರು. ಪಾಂಡವರು ಕಾಡಿನಲ್ಲಿ ಇರುವಾಗಲೇ ನಳನ ಕಥೆ ಕೇಳಬೇಕು, ಮುಂದೆ ಯುದ್ಧ ಕಾದಿದೆ ಎಂದೇ ಅದು ಅಷ್ಟು ಇಂಪು. 941ರಲ್ಲಿ ಭಾರತ ಬರೆದ ಪಂಪ ಉಪಕಥೆಗಳನ್ನು ಕತ್ತರಿಸಿ ಬಿಸಾಡಿ ನೇರ ಕಥೆಗೆ ನಡೆದವನು. ಇವತ್ತು ಇದ್ದಿದ್ದರೆ ವಿಚರನ್ನು 50 ಗಂಟೆಯಲ್ಲಿ ಮುಗಿಸಿ, ಮಿಕ್ಕವರನ್ನು ಕನಿಕರದಿಂದ ನೋಡುತ್ತಿದ್ದ. ಕುಮಾರವ್ಯಾಸ ಅಂಥವನಲ್ಲ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಹೋಗುವ ಗದುಗಿನ ಮನುಷ್ಯ. ಆದರೆ ಗದಾಪರ್ವದಲ್ಲಿ ಕೌರವನ ತೊಡೆ ಮುರಿದ ಮೇಲೆ ಅವನೂ ಹತ್ತು ಪರ್ವಕ್ಕೇ ಕೈ ಬಿಟ್ಟ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮ ರಾಜಧರ್ಮ, ದಾನಧರ್ಮ ಎಂದು ಎರಡು ಪರ್ವ ತುಂಬುವಷ್ಟು ಹೇಳುವುದು ಆಮೇಲೆ. ಎಲ್ಲವೂ ಅಮೂಲ್ಯ, ಯಾವುದಕ್ಕೂ ಅವಸರವಿಲ್ಲ, ಯಾಕೆಂದರೆ ಗೆದ್ದಾಗಿದೆ. ಆ ಉಳಿದ ಭಾಗವನ್ನು ಕನ್ನಡಕ್ಕೆ ತರಲು ಕೃಷ್ಣದೇವರಾಯನ ಆಶ್ರಯದ ತಿಮ್ಮಣ್ಣ ಕವಿ ಬರಬೇಕಾಯಿತು. ಗದುಗಿನ ಭಾರತವನ್ನು ಗಮಕಿಗಳು ಇವತ್ತಿಗೂ ಊರೂರಲ್ಲಿ ಹಾಡುತ್ತಾರೆ. ತಿಮ್ಮಣ್ಣನದನ್ನು ಯಾರಾದರೂ ಹಾಡಿದ್ದನ್ನು ನಾನಂತೂ ಕೇಳಿಲ್ಲ. ಪಾಪ, ಅವನ ಪಾಲಿಗೆ ಬಂದದ್ದು ಆಟ ಮುಗಿದ ಮೇಲಿನ ನಕ್ಷೆ.

ಆ ನಕ್ಷೆಯ ಮೇಲೆ ಈಗ ನಾನಿದ್ದೇನೆ. ಕೆಲಸ ಬಿಟ್ಟೆ. ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ. ಚೆನ್ನೈ ಸೆಕೆ ತಡೆಯಲಾರೆ ಎಂದು ಅಮ್ಮ ಮೈಸೂರಿನ ತಮ್ಮನ ಮನೆಗೆ ಹೋದಳು, ಫೋನು ಮಾಡಿದರೆ ಸೀರಿಯಲ್ಲಿನ ಕಥೆ ಹೇಳುತ್ತಾಳೆ. ಕಳೆದ ಬೇಸಿಗೆಯಲ್ಲಿ ಅಟ್ಟದಿಂದ ಪ್ಲೇಸ್ಟೇಷನ್ 2 ಇಳಿಸಿದೆ. ಬಿಡುವಿತ್ತಲ್ಲ, ಸ್ಯಾನ್ ಆಂಡ್ರಿಯಾಸಿನ ಮುಖ್ಯ ಕಥೆಯನ್ನು ಒಂದೇ ಪಟ್ಟಿಗೆ ಮುಗಿಸಿಬಿಟ್ಟೆ. ನಕ್ಷೆಯಲ್ಲಿ ಮೊದಲು ಅಕ್ಷರಗಳು ಕಾಣುತ್ತಿದ್ದವು. ಅಣ್ಣ ಸ್ವೀಟ್ ಕರೆಯುತ್ತಿದ್ದಾನೆಂದರೆ ಎಸ್, ಗೆಳೆಯ ರೈಡರ್ ಕರೆಯುತ್ತಿದ್ದಾನೆಂದರೆ ಆರ್. ಕಥೆ ಮುಗಿದ ಮೇಲೆ ಒಂದು ಅಕ್ಷರವೂ ಇರಲಿಲ್ಲ. ದುಡ್ಡಿತ್ತು, ಮೂರು ಊರು ಪೂರ್ತಿ ತೆರೆದಿತ್ತು, ನೀರಿನ ತಳದ 50 ಮುತ್ತಿನ ಚಿಪ್ಪುಗಳಲ್ಲಿ ಬಹಳಷ್ಟು ಅಲ್ಲೇ ಇದ್ದವು. ಹೆಂಡತಿ ಟಿ ನಗರದಲ್ಲಿ ಸಂಗೀತದ ಪಾಠಕ್ಕೆ ಹೋಗಿದ್ದಳು. ಅಡುಗೆಮನೆಯಿಂದ ಯಾರೂ ಕೂಗಲಿಲ್ಲ. ಸಿಜೆಯನ್ನು ಸುಮ್ಮನೆ ಬೀಚಿನಲ್ಲಿ ನಿಲ್ಲಿಸಿ ಕಾಫಿ ಮಾಡಿಕೊಂಡೆ.

ಮಗನಿಗೆ ಫೋನು ಮಾಡಿ ಹೇಳಿದೆ. ಅವನು ನಕ್ಕ. “ಅದಕ್ಕೇ ಅಪ್ಪ ಜೆಲ್ಡಾದಲ್ಲಿ ಕೊನೇ ರಾಕ್ಷಸನ್ನ ಕೊಂದ್ರೂ ಆಟ ನಿನ್ನನ್ನ ವಾಪಸ್ ಅವನು ಸಾಯೋ ಮುಂಚಿನ ಕ್ಷಣಕ್ಕೇ ತಂದು ಬಿಡುತ್ತೆ. ರಾಜಕುಮಾರಿ ಆಗಲೇ ನೂರು ವರ್ಷದಿಂದ ಅವನನ್ನ ಹಿಡ್ಕೊಂಡು ನಿಂತಿದ್ದಾಳೆ. ನಿಂತೇ ಇರ್ತಾಳೆ. ನೀನು ಹೋಗಿ ಅಣಬೆ ಕಿತ್ಕೊಂಡು ಬಾ.” ಅಷ್ಟು ಹೇಳಿ, ಆಫೀಸಿನಲ್ಲಿ ಯಾವುದೋ ಮೀಟಿಂಗಿಗೆ ಆಗಲೇ ತಡವಾಗಿದೆ ಎಂದ. ಆದರೂ ಇನ್ನೂ ಅರ್ಧ ಗಂಟೆ ಅಣಬೆಯ ಬಗ್ಗೆಯೇ ಮಾತಾಡಿದ. ನನ್ನ ಮಗನೇ, ಅನುಮಾನವಿಲ್ಲ.

ಸಂಜೆ ಹೆಂಡತಿ ಬಂದಳು. ಟಿವಿಯ ಮುಂದೆ ನಾನು ಮಂಕಾಗಿ ಕೂತದ್ದನ್ನು ಕಂಡು ಏನಾಯಿತೆಂದು ಕೇಳಲಿಲ್ಲ. ಚೀಲ ತಂದು ಮಡಿಲಿಗೆ ಹಾಕಿದಳು.

“ರೀ, ಮಾಂಬಲಂ ಸ್ಟೇಷನ್ ಹತ್ತಿರ ಒಳ್ಳೇ ಮಾವಿನಕಾಯಿ ಬಂದಿದೆಯಂತೆ. ಉಪ್ಪಿನಕಾಯಿಗೆ ನಾಲ್ಕು ಕೆಜಿ ಬೇಕು. ಏಳು ಗಂಟೆ ಮೇಲೆ ಹೋದ್ರೆ ಬರೀ ಪೆಟ್ಟು ಬಿದ್ದವೇ ಉಳಿದಿರುತ್ತೆ, ಈಗಲೇ ಹೊರಡಿ.”

“ಇದೋ, ಹೊರಟೆ” ಎಂದೆ. ಆರೂವರೆಯಾಗಿತ್ತು. ಚೀಲವನ್ನು ಪಕ್ಕಕ್ಕಿಟ್ಟು ಸಿಜೆಯನ್ನು ಸಮುದ್ರಕ್ಕೆ ಧುಮುಕಿಸಿದೆ. ಮೊದಲ ಮುಳುಗಿಗೇ ಚಿಪ್ಪು ಸಿಕ್ಕಿತು.